ಡ್ರಮ್ಮು ಸುಮ್ಮನಿರುವ ಹಾಡು: ‘ರಿವೆಂಡೆಲ್’ ಕೇಳಿ, ಅದೇ ಜಾಡಿನಲ್ಲಿ ನಿಮ್ಮದೊಂದು ಹಾಡು ಕಟ್ಟುವುದು ಹೇಗೆ

ಕೆನಡಾದ ರಶ್ ಬ್ಯಾಂಡ್ ಅಂದ ಕೂಡಲೇ ಗೊತ್ತಿದ್ದವರಿಗೆ ನೆನಪಾಗುವುದು ಎರಡು. ಒಂದು, ನೀಲ್ ಪಿಯರ್ಟ್ ಅವರ ಡ್ರಮ್. ಇನ್ನೊಂದು, ಗೆಡ್ಡಿ ಲೀ ಅವರ ಚೂಪು ದನಿ. ಇದೇ ಬ್ಯಾಂಡು 1975ರ ಫೆಬ್ರವರಿಯಲ್ಲಿ ‘ಫ್ಲೈ ಬೈ ನೈಟ್’ ಅನ್ನೋ ಆಲ್ಬಮ್ ಹೊರತಂದಿತು. ಅದರಲ್ಲಿ ಕೊನೆಯಿಂದ ಎರಡನೆಯ ಹಾಡಿಗೆ ಡ್ರಮ್ಮೂ ಇಲ್ಲ, ಕಿರುಚುವ ದನಿಯೂ ಇಲ್ಲ. ನೈಲಾನ್ ತಂತಿಯ ಗಿಟಾರು, ತಗ್ಗಿದ ಸ್ವರದಲ್ಲಿ ಹಾಡುವ ಗಂಟಲು, ಅಷ್ಟೇ. ಹಾಡಿನ ಹೆಸರು ‘ರಿವೆಂಡೆಲ್’. ಉದ್ದ 4 ನಿಮಿಷ 57 ಸೆಕೆಂಡು.

ತಮಾಷೆ ಏನು ಗೊತ್ತಾ? ಇದರ ಸಾಹಿತ್ಯ ಬರೆದದ್ದು ಡ್ರಮ್ ಬಾರಿಸುವ ಪಿಯರ್ಟ್ ಅವರೇ. 1974ರ ಜುಲೈಯಲ್ಲಿ ಬ್ಯಾಂಡಿಗೆ ಸೇರಿದವರು, ಇದು ಅವರ ಮೊದಲ ಆಲ್ಬಮ್. ಹೊಸದಾಗಿ ಕೆಲಸಕ್ಕೆ ಸೇರಿದವರು ಕೈಚಳಕ ತೋರಿಸೋಕೆ ಹಾತೊರೀತಾರೆ ಅಲ್ವಾ? ಇವರು ತಾನೇ ಬರೆದ ಹಾಡಿನಲ್ಲಿ ತನಗೇ ಕೆಲಸ ಇಲ್ಲದ ಹಾಗೆ ನೋಡಿಕೊಂಡರು.

ರಶ್ ಅಭಿಮಾನಿಗಳಲ್ಲೇ ಈ ಹಾಡನ್ನು ದಾಟಿಸಿ ಮುಂದಿನದಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಏನೂ ನಡೆಯುವುದಿಲ್ಲ ಅನ್ನುವುದೇ ನನ್ನ ದೂರಾಗಿತ್ತು. ಆಮೇಲೆ ನೈಲಾನ್ ಗಿಟಾರ್ ಹಿಡಿದು ಇಂಥದ್ದೊಂದು ಹಾಡು ಕಟ್ಟೋಕೆ ಹೊರಟಾಗ ಗೊತ್ತಾಯಿತು, ಏನೂ ನಡೆಯದ ಹಾಗೆ ಐದು ನಿಮಿಷ ಹಿಡಿದು ಕೂರಿಸುವುದೇ ಕಷ್ಟದ ಕೆಲಸ ಅಂತ. ಈ ಮಾರ್ಗದರ್ಶಿ ಅದರ ಬಗ್ಗೆ. ‘ರಿವೆಂಡೆಲ್’ ಹಾಡನ್ನು ತಂತಿ ತಂತಿಗೂ ನಕಲು ಮಾಡುವುದನ್ನು ಇಲ್ಲಿ ಹೇಳಿಕೊಡುತ್ತಿಲ್ಲ. ಅದನ್ನು ಸರಿಯಾಗಿ ಕೇಳಿಸಿಕೊಂಡು, ಅದೇ ಜಾತಿಯ ಮೂರು ನಿಮಿಷದ ಕನ್ನಡ ಹಾಡನ್ನು ನೀವೇ ಕಟ್ಟಿ, ಮನೆಯಲ್ಲೇ ರೆಕಾರ್ಡ್ ಮಾಡುವ ತನಕದ ದಾರಿ ಇದೆ.

ಬೇಕಾದ್ದು: ನೈಲಾನ್ ತಂತಿಯ ಒಂದು ಗಿಟಾರು, ಒಂದು ಮೊಬೈಲು, ಸಂಜೆ ಅರ್ಧ ಗಂಟೆಯಂತೆ ಮೂರು ನಾಲ್ಕು ವಾರ. ಎ ಮೈನರ್, ಸಿ, ಜಿ, ಡಿ ಕಾರ್ಡುಗಳಲ್ಲಿ ಬೆರಳಿಡೋಕೆ ಬಂದರೆ ಸಾಕು.

ಮೊದಲ ಹೆಜ್ಜೆ: ಗಲಾಟೆ ಕೇಳಿ, ಆಮೇಲೆ ಮೌನ ಕೇಳಿ

ಈ ಹಾಡನ್ನು ಒಂಟಿಯಾಗಿ ಹಾಕಿಕೊಂಡು ಕೇಳಿದರೆ ಅದು ಸಪ್ಪೆ ಅನ್ನಿಸುತ್ತದೆ. ಆಲ್ಬಮ್ಮಿನ ಸಾಲಿನಲ್ಲೇ ಕೇಳಿ. ಎಲ್‌ಪಿ ತಟ್ಟೆಯ ಮೊದಲ ಮಗ್ಗುಲು ಮುಗಿಯುವುದು ‘ಬೈ-ಟಾರ್ ಆ್ಯಂಡ್ ದ ಸ್ನೋ ಡಾಗ್’ ಅನ್ನುವ ಹಾಡಿನಿಂದ. ಎಂಟೂವರೆ ನಿಮಿಷದ ಕಾಳಗ ಅದು. ನಡುವೆ ಗಿಟಾರೂ ಬೇಸೂ ಎರಡು ಪ್ರಾಣಿಗಳ ಹಾಗೆ ಕಚ್ಚಾಡುತ್ತವೆ. ತಟ್ಟೆ ತಿರುವಿ ಹಾಕಿದರೆ ಎರಡು ಹಾಡಾದ ಮೇಲೆ ‘ರಿವೆಂಡೆಲ್’ ಬರುತ್ತದೆ. ಯುದ್ಧ ಮುಗಿಸಿ ಬಂದವರು ಚಪ್ಪಲಿ ಬಿಚ್ಚಿ ಜಗಲಿಯಲ್ಲಿ ಕೂತ ಹಾಗೆ. ಆ ಗಲಾಟೆ ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿರುವಾಗಲೇ ಈ ಮೌನಕ್ಕೆ ಬೆಲೆ.

ಮೂರು ಸಲ ಕೇಳಿ. ಮೊದಲ ಸಲ ಮಾತಿನ ಕಡೆ ಗಮನ ಬೇಡ, ಸುಮ್ನೆ ಮಲಗಿಕೊಂಡು ಕೇಳಿ. ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಅಲೆಕ್ಸ್ ಲೈಫ್ಸನ್ ಅವರ ಗಿಟಾರನ್ನಷ್ಟೇ ಹಿಂಬಾಲಿಸಿ. ತಂತಿಗಳನ್ನು ಒಟ್ಟಿಗೆ ಗೀರುವುದಿಲ್ಲ, ಒಂದೊಂದಾಗಿ ಬಿಡಿಸಿ ಮೀಟುತ್ತಾರೆ. ಮೂರನೆಯ ಸಲ ಸಾಹಿತ್ಯ ಎದುರಿಗೆ ಇಟ್ಟುಕೊಳ್ಳಿ. ಅಲ್ಲಿ ಒಂದು ವಿಷಯ ಗಮನಿಸಿ. ಹಾಡು ಮಾತಾಡಿಸುವುದು ‘ನಿನ್ನನ್ನು’. ನಿನ್ನ ಮುಖದ ಮೇಲೆ ಬಿಸಿಲು, ನೀನು ಮಲಗಿದ ಹುಲ್ಲು ಬೆಚ್ಚಗಿದೆ, ಈ ಥರ. ಕತ್ತಿ ಇಲ್ಲ, ಡ್ರ್ಯಾಗನ್ ಇಲ್ಲ, ಮಂತ್ರವಾದಿಯ ಪವಾಡ ಇಲ್ಲ. ಫ್ಯಾಂಟಸಿ ಹಾಡಿನಲ್ಲಿ ಮೈಗೆ ತಾಗುವುದು ಬರೀ ಬಿಸಿಲು, ಗಾಳಿ, ಹುಲ್ಲು.

ಎರಡನೆಯದು: ಪುಸ್ತಕದಲ್ಲಿ ಇಲ್ಲದ್ದನ್ನು ಹಾಡು ಹೇಗೆ ಮಾಡಿತು ನೋಡಿ

ರಿವೆಂಡೆಲ್ ಅನ್ನುವುದು ಜೆ. ಆರ್. ಆರ್. ಟೋಲ್ಕಿನ್ ಅವರ ಕಥಾಲೋಕದ ಒಂದು ಕಣಿವೆ. ಅಲ್ಲಿ ಎಲ್ಫ್‌ಗಳ ಒಡೆಯ ಎಲ್ರಾಂಡ್ ಅವರ ಮನೆ. ಎಲ್ಫ್‌ಗಳು ಅಂದರೆ ಅಲ್ಲಿನ ಸಾವಿಲ್ಲದ ಜನ. ನಮ್ಮ ಯಕ್ಷ ಗಂಧರ್ವರ ದೂರದ ಸೋದರರು ಅಂದುಕೊಳ್ಳಿ, ಸದ್ಯಕ್ಕೆ ಸಾಕು. 1937ರ ‘ದ ಹಾಬಿಟ್’ ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಪಯಣಿಗರು ಆ ಮನೆಯಲ್ಲಿ ಹದಿನಾಲ್ಕು ದಿನವಾದರೂ ಉಳಿಯುತ್ತಾರೆ. ಆದರೆ ಆ ದಿನಗಳ ಬಗ್ಗೆ ಟೋಲ್ಕಿನ್ ಹೆಚ್ಚು ಬರೆಯುವುದೇ ಇಲ್ಲ. ಅದಕ್ಕೆ ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ. ಸುಖದ ದಿನಗಳನ್ನು ಹೇಳಿ ಮುಗಿಸೋಕೆ ಹೊತ್ತು ಬೇಡ, ಕೇಳುವವರಿಗೂ ಅದರಲ್ಲಿ ರುಚಿ ಕಡಿಮೆ. ಕಷ್ಟದ, ಭಯದ ಸಂಗತಿಯಾದರೆ ಒಳ್ಳೆ ಕಥೆಯಾಗುತ್ತದೆ ಅನ್ನುವ ಅರ್ಥದಲ್ಲಿ.

ಹಾಡಿನ ಜಾಣತನ ಇರುವುದು ಇಲ್ಲೇ. ಕಾದಂಬರಿಕಾರ ಎರಡು ಮಾತಿನಲ್ಲಿ ದಾಟಿಸಿದ ಆ ಸುಖದ ದಿನಗಳನ್ನೇ ಪಿಯರ್ಟ್ ಎತ್ತಿಕೊಂಡರು, ಐದು ನಿಮಿಷ ಅಲ್ಲೇ ಕೂತರು. ಕಥೆಗೆ ಬೇಡವಾದದ್ದು ಹಾಡಿಗೆ ಬೇಕಾಯಿತು.

ಹಾಗಾಗಿ ನಿಮ್ಮ ಹಾಡಿಗೂ ನಾನು ಇಡುವ ಕಟ್ಟಳೆ ಒಂದೇ. ಕಥೆ ಬೇಡ, ಜಾಗ ಬೇಕು. ದಣಿದು ಬಂದವರು ಕಾಲು ಚಾಚುವ ಒಂದು ಜಾಗ.

ಮೂರನೆಯದು: ಜಾಗ ಹುಡುಕಿ

ಇಲ್ಲಿ ಎಲ್ಲರೂ ಎಡವುತ್ತಾರೆ. ಫ್ಯಾಂಟಸಿ ಅಂದ ಕೂಡಲೇ ಸ್ಫಟಿಕದ ಅರಮನೆ, ನೀಲಿ ಚಂದ್ರರು, ಹಾರುವ ಕುದುರೆ ಶುರುವಾಗುತ್ತದೆ. ಕಲ್ಪನೆಯಿಂದ ಹೊರಡಬೇಡಿ, ನೆನಪಿನಿಂದ ಹೊರಡಿ. ಟೋಲ್ಕಿನ್ ಮಾಡಿದ್ದೂ ಅದನ್ನೇ. 1911ರಲ್ಲಿ, ಹತ್ತೊಂಬತ್ತು ವಯಸ್ಸಿನಲ್ಲಿ, ಅವರು ಸ್ವಿಟ್ಜರ್‌ಲೆಂಡಿನ ಬೆಟ್ಟಗಳಲ್ಲಿ ಒಂದು ತಂಡದ ಜೊತೆ ನಡೆದಿದ್ದರು. ಕಡಿದಾದ ಬಂಡೆಗಳ ನಡುವೆ ಜಲಪಾತಗಳು ಇಳಿಯುವ ಲೌಟರ್‌ಬ್ರುನೆನ್ ಕಣಿವೆಗೂ ರಿವೆಂಡೆಲ್‌ಗೂ ಇರುವ ಹೋಲಿಕೆ ಅವರ ಚಿತ್ರಗಳಲ್ಲೇ ಕಾಣುತ್ತದೆ. ಕಣ್ಣಾರೆ ಕಂಡ ಕಣಿವೆ ಸುಮಾರು ಎರಡು ದಶಕ ಮನಸ್ಸಿನಲ್ಲಿ ಕೂತು, ಆಮೇಲೆ ಎಲ್ಫ್‌ಗಳ ಊರಾಯಿತು.

ನಿಮ್ಮ ಕಣಿವೆ ಯಾವುದು? ನನ್ನದು ಹೇಳುತ್ತೇನೆ. ಕುಕ್ಕೆಯ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆಲ್ಲ ದಾರಿಯ ನಡುವೆ ಊಟ ಹಾಕುವ ಒಂದು ಮನೆ ಗೊತ್ತು. ಕಾಡಿನ ಏರು ಹತ್ತಿ ಮೊಣಕಾಲು ನಡುಗುವ ಹೊತ್ತಿಗೆ ಆ ಮನೆ ಸಿಗುತ್ತದೆ. ಬಿಸಿ ಅನ್ನ, ಸಾರು, ಮಜ್ಜಿಗೆ. ಟೋಲ್ಕಿನ್ ತಮ್ಮ ರಿವೆಂಡೆಲ್‌ನ ಮನೆಯನ್ನು ಕಾಡುಮೇಡಿಗೆ ಮುಂಚಿನ ಕಟ್ಟಕಡೆಯ ಆಸರೆಯ ಮನೆ ಅನ್ನುವ ಹಾಗೆ ಕರೆಯುತ್ತಾರೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಸ್ವಿಸ್ ಜಲಪಾತ ಅಲ್ಲ, ಆ ಜಗಲಿ.

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಜಾಗದ ಬಗ್ಗೆ ಹತ್ತು ಸಾಲು ಬರೆಯಿರಿ, ಕವಿತೆಯಲ್ಲ, ಬರೀ ಪಟ್ಟಿ. ಏನು ಸದ್ದು, ಏನು ವಾಸನೆ, ಅಂಗಾಲಿಗೆ ಏನು ತಾಗಿತು. ‘ಸುಂದರ’, ‘ಅದ್ಭುತ’, ‘ಮಾಯಾಲೋಕ’ ಈ ಮೂರು ಪದ ಬಂದರೆ ಹೊಡೆದು ಹಾಕಿ. ಪಟ್ಟಿ ಮುಗಿದ ಮೇಲೆ ಅದರಲ್ಲಿ ಒಂದೇ ಒಂದು ವಸ್ತುವನ್ನು ಆಗದ ಹಾಗೆ ಬದಲಿಸಿ. ದೀಪ ಇದೆ, ಎಣ್ಣೆ ಮುಗಿಯುವುದಿಲ್ಲ. ಹೊಳೆ ಇದೆ, ರಾತ್ರಿ ಮೇಲಕ್ಕೆ ಹರಿಯುತ್ತದೆ. ಒಂದು ಸಾಕು. ಉಳಿದದ್ದೆಲ್ಲ ನಿಜ ಇದ್ದಾಗ ಆ ಒಂದು ಸುಳ್ಳು ಮಿನುಗುತ್ತದೆ.

ನಾಲ್ಕನೆಯದು: ಗಿಟಾರಿನ ಬಗ್ಗೆ ಎರಡು ಎಚ್ಚರಿಕೆ

ನೈಲಾನ್ ತಂತಿಯ ಗಿಟಾರನ್ನು ಕ್ಲಾಸಿಕಲ್ ಗಿಟಾರ್ ಅಂತಲೂ ಅನ್ನುತ್ತಾರೆ. ಕತ್ತು ಅಗಲ, ತಂತಿಗಳ ನಡುವೆ ಜಾಗ ಜಾಸ್ತಿ, ದನಿ ದುಂಡಗೆ. ಲೋಹದ ತಂತಿಯಲ್ಲಿ ಇದೇ ನುಡಿಸಿದರೆ ಸದ್ದು ಗಿಲಿಗಿಲಿ ಅನ್ನುತ್ತದೆ, ಹಾಡಿನ ಮೆತ್ತಗಿನ ಗುಣ ಹೋಗಿಬಿಡುತ್ತದೆ.

ಕ್ಲಾಸಿಕಲ್ ಗಿಟಾರಿಗೆ ಲೋಹದ ತಂತಿ ಕಟ್ಟಿಸಲೇಬೇಡಿ. ನನ್ನ ಮೊದಲ ಗಿಟಾರಿಗೆ ಒಬ್ಬ ಅಂಗಡಿಯವರು ‘ಸೌಂಡ್ ಜೋರಾಗಿ ಬರುತ್ತೆ ಸಾರ್’ ಅಂತ ಲೋಹದ್ದು ಕಟ್ಟಿಕೊಟ್ಟರು. ಜೋರಾಗಿಯೇ ಬಂತು. ಮೂರನೆಯ ವಾರ ರಾತ್ರಿ ಹನ್ನೊಂದಕ್ಕೆ ಮೂಲೆಯಿಂದ ಪಟಾರ್ ಅಂತ ಸದ್ದು. ನೋಡಿದರೆ ತಂತಿಗಳ ಬುಡ ಕಟ್ಟುವ ಪಟ್ಟಿ, ಅಂದರೆ ಬ್ರಿಡ್ಜ್, ಕಿತ್ತುಬಂದು ತಂತಿಯಲ್ಲಿ ನೇತಾಡುತ್ತಿತ್ತು, ಅದರ ಜೊತೆ ಮೇಲ್ಹಲಗೆಯ ಒಂದು ಚೂರೂ ಬಂದಿತ್ತು. ಲೋಹದ ತಂತಿಯ ಎಳೆತ ಬಹಳ ಜಾಸ್ತಿ, ಈ ಗಿಟಾರು ಅದಕ್ಕೆ ಮಾಡಿದ್ದಲ್ಲ.

ಎರಡನೆಯದು, ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿ ಐದು ನಿಮಿಷಕ್ಕೆ ಇಳಿದಿರುತ್ತದೆ. ನಿಮ್ಮ ಕಿವಿ ಕೆಟ್ಟಿಲ್ಲ, ಗಾಬರಿ ಬೇಡ. ರೆಕಾರ್ಡಿಂಗಿಗೆ ಒಂದು ವಾರ ಮುಂಚೆಯೇ ತಂತಿ ಬದಲಿಸಿ.

ಐದನೆಯದು: ಬಲಗೈ

ಇದು ಇಡೀ ಕೆಲಸದ ಬೆನ್ನೆಲುಬು, ಇಲ್ಲಿ ನಿಧಾನ ಮಾಡೋಣ.

ತಂತಿಗಳನ್ನು ಕೆಳಗಿನಿಂದ ಎಣಿಸಿ. ತೀರಾ ಸಣ್ಣದು ಒಂದನೆಯದು, ಮೇಲಿನ ದಪ್ಪದ್ದು ಆರನೆಯದು. ತೋರುಬೆರಳು ಮೂರನೆಯ ತಂತಿಗೆ, ನಡುಬೆರಳು ಎರಡನೆಯದಕ್ಕೆ, ಉಂಗುರಬೆರಳು ಒಂದನೆಯದಕ್ಕೆ. ಇವು ಮೂರೂ ಹಾಡು ಮುಗಿಯುವ ತನಕ ತಮ್ಮ ತಂತಿ ಬಿಟ್ಟು ಕದಲುವುದಿಲ್ಲ. ಓಡಾಡುವುದು ಹೆಬ್ಬೆರಳು ಮಾತ್ರ. ಅದು ನಾಲ್ಕು, ಐದು, ಆರನೆಯ ತಂತಿಗಳಲ್ಲಿ ಬೇಕಾದ ಕಡೆ ಹೋಗುತ್ತದೆ.

ಈಗ ಮೀಟುವ ಸಾಲು: ಹೆಬ್ಬೆರಳು, ತೋರು, ನಡು, ಉಂಗುರ, ನಡು, ತೋರು. ಆರು ಮೀಟು, ಮೂರು ಮೂರರ ಎರಡು ಗುಂಪು. ಅಲೆ ಹತ್ತಿ ಇಳಿದ ಹಾಗೆ. ಬಾಯಲ್ಲಿ ‘ತಕಿಟ ತಕಿಟ’ ಅಂತ ಹೇಳಿಕೊಳ್ಳಿ. ಗುಂಪಿನ ಮೊದಲ ಮೀಟಿಗೆ ತುಸು ತೂಕ, ಉಳಿದೆರಡು ಹಗುರ.

ಟಕ್ ಟಕ್ ಅಂತ ಲಯ ಹಿಡಿಯುವ ಮೆಟ್ರೊನೋಮನ್ನು 40ಕ್ಕೆ, ಅಂದರೆ ನಿಮಿಷಕ್ಕೆ 40 ಟಕ್‌ಗೆ ಇಡಿ. ಒಂದು ಟಕ್‌ಗೆ ಒಂದು ‘ತಕಿಟ’, ಅಂದರೆ ಸೆಕೆಂಡಿಗೆ ಎರಡು ಮೀಟು. ನಿಧಾನ ಜಾಸ್ತಿಯಾಯಿತು ಅನ್ನಿಸುತ್ತದೆ, ಅನ್ನಿಸಲಿ. ಈ ನಿಧಾನದಲ್ಲಿ ಬೆರಳುಗಳ ತಪ್ಪು ಒಂದೂ ಮುಚ್ಚಿಹೋಗುವುದಿಲ್ಲ. ನನಗೆ ಉಂಗುರಬೆರಳು ಯಾವಾಗಲೂ ಒಂದು ಕೂದಲೆಳೆ ತಡ. ವೇಗದಲ್ಲಿ ನುಡಿಸುವಾಗ ಅದು ಗೊತ್ತೇ ಆಗಿರಲಿಲ್ಲ.

ಎಡಗೈ ಮುಟ್ಟದೆ, ಬರೀ ಖಾಲಿ ತಂತಿಗಳ ಮೇಲೆ ಒಂದು ವಾರ ಇದನ್ನೇ ಮಾಡಿ. ಟೀವಿ ನೋಡುತ್ತಾ ಮಾಡಬಹುದು. ಮನೆಯವರು ‘ಅದೊಂದೇ ಎಷ್ಟು ಸಲ?’ ಅನ್ನೋಕೆ ಶುರು ಮಾಡಿದರೆ ಕೈ ಕೂತಿದೆ ಅಂತ ಲೆಕ್ಕ.

ಆರನೆಯದು: ಎಡಗೈಗೂ ವಿಶ್ರಾಂತಿ ಕೊಡುವ ನಾಲ್ಕು ಕಾರ್ಡು

ಇವು ರಶ್ ಹಾಡಿನ ಕಾರ್ಡುಗಳಲ್ಲ, ನಾನು ಇಂಥ ಹಾಡುಗಳಿಗೆ ಇಟ್ಟುಕೊಂಡಿರುವ ಸಾಲು. ಮಂದ್ರ ಸ್ವರ ಎ, ಜಿ, ಎಫ್, ಇ ಅಂತ ಮೆಟ್ಟಿಲಿಳಿಯುತ್ತದೆ. ಇಳಿಯುವ ಮಂದ್ರ ಹಳೇ ಉಪಾಯ, ಸಾವಿರ ಹಾಡುಗಳಲ್ಲಿದೆ. ಹಳೆಯದಾದರೇನು, ಕೆಲಸ ಮಾಡುತ್ತದೆ.

ಮೊದಲು ಎ ಮೈನರ್. ನಡುಬೆರಳು ನಾಲ್ಕನೆಯ ತಂತಿಯ ಎರಡನೇ ಫ್ರೆಟ್, ಉಂಗುರಬೆರಳು ಮೂರನೆಯ ತಂತಿಯ ಎರಡನೇ ಫ್ರೆಟ್, ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್. ಬಲಗೈ ಹೆಬ್ಬೆರಳು ಐದನೆಯ ಖಾಲಿ ತಂತಿಯಿಂದ ಶುರು ಮಾಡಲಿ.

ಎರಡನೆಯದಕ್ಕೆ ಈ ಮೂರೂ ಬೆರಳು ಕದಲುವುದು ಬೇಡ. ಕಿರುಬೆರಳನ್ನು ಚಾಚಿ ಆರನೆಯ ತಂತಿಯ ಮೂರನೇ ಫ್ರೆಟ್ ಮೇಲೆ ಇಡಿ. ಹೆಬ್ಬೆರಳು ಈಗ ಆರನೆಯ ತಂತಿ ಮೀಟುತ್ತದೆ. ಎ ಮೈನರ್ ಅಡಿಯಲ್ಲಿ ಜಿ ಸ್ವರ ಬಂತು.

ಮೂರನೆಯದು ನನ್ನ ಇಷ್ಟದ್ದು. ಕಿರುಬೆರಳು ಎತ್ತಿ. ತೋರುಬೆರಳನ್ನು ಎರಡನೆಯ ತಂತಿಯಿಂದ ತೆಗೆದು, ಅದೇ ಮೊದಲ ಫ್ರೆಟ್‌ನಲ್ಲಿ ಆರನೆಯ ತಂತಿಗೆ ಒಯ್ಯಿರಿ. ಉಂಗುರಬೆರಳು ಇದ್ದಲ್ಲೇ ಇರಲಿ. ಎರಡನೆಯ ಮತ್ತು ಒಂದನೆಯ ತಂತಿ ಖಾಲಿ. ಅಡಿಯಲ್ಲಿ ಎಫ್, ಮೇಲೆ ಎ, ಬಿ, ಇ. ಎಫ್ ಮೇಜರ್ ಕಾರ್ಡಿನಲ್ಲಿ ಬಿ ಇರಬಾರದು, ಆದರೆ ಇಲ್ಲಿ ಇದೆ. ಆ ಒಂದು ಹೊರಗಿನ ಸ್ವರದಿಂದ ಕಾರ್ಡು ಮುಗಿಯದ ಹಾಗೆ, ಮಂಜಿನ ಆಚೆ ಏನೋ ಇದ್ದ ಹಾಗೆ ಕೇಳಿಸುತ್ತದೆ. ಬಾರ್ ಹಿಡಿದು, ಅಂದರೆ ತೋರುಬೆರಳನ್ನು ತಂತಿಗಳಿಗೆಲ್ಲ ಅಡ್ಡಲಾಗಿ ಒತ್ತಿ, ಸರಿಯಾದ ಎಫ್ ನುಡಿಸಿ ನೋಡಿ, ಮಂಜು ಕರಗಿ ಬಸ್ ಸ್ಟ್ಯಾಂಡು ಕಾಣಿಸುತ್ತದೆ.

ನಾಲ್ಕನೆಯದು ಇ ಮೈನರ್. ಎಡಗೈ ಪೂರ್ತಿ ಎತ್ತಿಬಿಡಿ. ಆರನೆಯ ತಂತಿ ಇ, ಮೂರನೆಯದು ಜಿ, ಎರಡನೆಯದು ಬಿ, ಒಂದನೆಯದು ಇ. ನೀವು ಮೀಟುವ ನಾಲ್ಕೂ ತಂತಿ ಖಾಲಿ ಇದ್ದಾಗಲೇ ಇ ಮೈನರ್ ಆಗುತ್ತದೆ. ದಣಿದವರು ಕೂರುವ ಜಾಗದ ಹಾಡಿನಲ್ಲಿ, ಪ್ರತಿ ಸುತ್ತಿನ ಕೊನೆಗೆ ನಿಮ್ಮ ಎಡಗೈಯೂ ತೊಡೆಯ ಮೇಲೆ ಕೂರಬಹುದು. ನಾನು ನಿಜಕ್ಕೂ ಹಾಗೆ ಮಾಡುತ್ತೇನೆ, ಕೈ ಒದರಿಕೊಳ್ಳುತ್ತೇನೆ.

ಇಲ್ಲಿ ಇ ಮೇಜರ್ ಹಾಕುವ ಆಸೆ ಬರುತ್ತದೆ. ಅದು ಕಿವಿಗೆ ‘ಬಾ, ಮನೆಗೆ ಹೋಗೋಣ’ ಅಂತ ಅವಸರ ಮಾಡುತ್ತದೆ. ಇ ಮೈನರ್‌ಗೆ ಆ ಅವಸರ ಇಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಮಾತು. ಎ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಇಲ್ಲಿಯ ತನಕದ ಸ್ವರಗಳೆಲ್ಲ ನಠಭೈರವಿಯೊಳಗೇ ಇವೆ. ಹಾಡಿನ ನಡುಭಾಗಕ್ಕೆ ಸಿ, ಜಿ, ಡಿ, ಎ ಮೈನರ್ ಅಂತ ಬೇರೆ ಸಾಲು ಹಾಕಿ. ಡಿ ಮೇಜರ್ ಬಂದಾಗ ಒಂದನೆಯ ತಂತಿಯ ಎರಡನೇ ಫ್ರೆಟ್‌ನಲ್ಲಿ ಎಫ್ ಶಾರ್ಪ್ ಸಿಗುತ್ತದೆ. ಶುದ್ಧ ಧೈವತ ಹೋಗಿ ಚತುಃಶ್ರುತಿ ಧೈವತ ಬಂತು, ಖರಹರಪ್ರಿಯ ಒಂದು ಕ್ಷಣ ಇಣುಕಿತು. ಕಿಟಕಿ ತೆರೆದ ಹಾಗಾಗುತ್ತದೆ. ಇಡೀ ಹಾಡಿನಲ್ಲಿ ಒಂದೇ ಸಲ ತೆರೆಯಿರಿ.

ಏಳನೆಯದು: ಮಾತು ಕೂರಿಸುವುದು

ಬಲಗೈ ತಕಿಟ ತಕಿಟ ಅಂತ ಮೂರು ಮೂರರಲ್ಲಿ ನಡೆಯುತ್ತಿದೆ. ಕನ್ನಡದಲ್ಲಿ ಮೂರು ಮಾತ್ರೆಯ ಗಣ ಇದಕ್ಕೆ ಅಂತಲೇ ಮಾಡಿದ ಹಾಗಿದೆ. ಶಾಲೆಯಲ್ಲಿ ಕಲಿತ ಲೆಕ್ಕ ನೆನಪಿದೆಯಾ? ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಅನುಸ್ವಾರ ಇದ್ದದ್ದಕ್ಕೂ ಎರಡು. ನಾನು ಕಟ್ಟಿದ ಎರಡು ಸಾಲು ನೋಡಿ:

ಹೊಳೆಯ ದನಿಗೆ ಕದವ ತೆರೆದ
ಹಳೆಯ ಮನೆಗೆ ನಡೆದು ಬಂದೆ

ಪ್ರತಿ ಪದವೂ ಮೂರು ಮಾತ್ರೆ. ‘ಬಂದೆ’ಯಲ್ಲಿ ‘ಬಂ’ ಎರಡು, ‘ದೆ’ ಒಂದು. ಒಂದು ಪದಕ್ಕೆ ಒಂದು ತಕಿಟ, ಒಂದು ಸಾಲಿಗೆ ನಾಲ್ಕು, ಅಂದರೆ ಆರು ಮೀಟಿನ ಎರಡು ಸುತ್ತು. ಒಂದು ಸಾಲು ಎ ಮೈನರ್ ಮೇಲೆ, ಮುಂದಿನದು ಅಡಿಯಲ್ಲಿ ಜಿ ಇರುವ ಎರಡನೆಯ ಕಾರ್ಡಿನ ಮೇಲೆ, ಹೀಗೆ ನಾಲ್ಕು ಸಾಲಿಗೆ ನಾಲ್ಕು ಕಾರ್ಡು. ಒಂದು ಚರಣ ಆಯಿತು.

ನನ್ನ ಮೊದಲ ಬರಹದಲ್ಲಿ ‘ಕಾಡಿನ ಅಂಚಿನ ಹಳೆಯ ಮನೆಗೆ’ ಅಂತಿತ್ತು. ಓದೋಕೆ ಚೆನ್ನಾಗಿದೆ. ಹಾಡೋಕೆ ಹೋದರೆ ‘ಕಾಡಿನ’ ನಾಲ್ಕು ಮಾತ್ರೆ, ‘ಅಂಚಿನ’ ನಾಲ್ಕು ಮಾತ್ರೆ, ಬೆರಳು ಒಂದು ಕಡೆ ನಾಲಿಗೆ ಒಂದು ಕಡೆ. ಒಂದು ಸಂಜೆ ಒದ್ದಾಡಿ ಆ ಸಾಲನ್ನೇ ಬಿಟ್ಟೆ. ಇಷ್ಟದ ಸಾಲು ಕೂರದಿದ್ದರೆ ಗಿಟಾರನ್ನು ಬಗ್ಗಿಸಬೇಡಿ, ಸಾಲು ಬದಲಿಸಿ.

ಪ್ರಾಸದ ವಿಷಯ. ಇಂಗ್ಲಿಷ್ ಹಾಡಿನ ಪ್ರಾಸ ಸಾಲಿನ ಕೊನೆಗೆ ಬರುತ್ತದೆ. ನಮ್ಮ ಹಳೆಯ ಪದ್ಧತಿಯಲ್ಲಿ ಅದು ಸಾಲಿನ ಎರಡನೆಯ ಅಕ್ಷರದಲ್ಲಿ: ಹೊ‘ಳೆ’ಯ, ಹ‘ಳೆ’ಯ. ಈ ಥರದ ಹಾಡಿಗೆ ಇದೇ ವಾಸಿ. ಕೊನೆಯ ಪ್ರಾಸ ಗಂಟೆ ಬಾರಿಸಿದ ಹಾಗೆ ‘ಸಾಲು ಮುಗಿಯಿತು’ ಅನ್ನುತ್ತದೆ. ಎರಡನೆಯ ಅಕ್ಷರದ್ದು ಹೆಬ್ಬೆರಳಿನ ಮೀಟಿನ ಬೆನ್ನಿಗೇ ಬಂದು ಒಳಗೇ ಉಳಿಯುತ್ತದೆ.

ಕ್ರಿಯಾಪದಗಳನ್ನು ಕಡಿಮೆ ಮಾಡಿ. ನಾಲ್ಕು ಸಾಲಿನಲ್ಲಿ ನಾಲ್ಕು ಘಟನೆ ನಡೆದರೆ ಅದು ಮತ್ತೆ ಕಥೆಯಾಗುತ್ತದೆ. ಬಂದದ್ದಾಯಿತು, ಕೂತದ್ದಾಯಿತು. ಇನ್ನೇನೂ ಆಗಬೇಕಾಗಿಲ್ಲ.

ಎಂಟನೆಯದು: ಹಾಡನ್ನು ಜೋಡಿಸುವುದು

ಲೆಕ್ಕ ಹೀಗಿಡಿ. ಆರು ಮೀಟಿನದ್ದು ಒಂದು ಸುತ್ತು. ಶುರುವಿಗೆ ಮಾತಿಲ್ಲದೆ 8 ಸುತ್ತು, ಮೊದಲ ಚರಣ 8, ಬಿಡುವು 4, ಎರಡನೆಯ ಚರಣ 8, ಡಿ ಮೇಜರ್ ಇರುವ ನಡುಭಾಗ 8, ಮತ್ತೆ ಬರೀ ಗಿಟಾರು 8, ಮೂರನೆಯ ಚರಣ 8, ಕೊನೆಗೆ 8. ಒಟ್ಟು 60 ಸುತ್ತು, 120 ಟಕ್. ಮೆಟ್ರೊನೋಮ್ 40ರಲ್ಲಿ ಸರಿಯಾಗಿ ಮೂರು ನಿಮಿಷ.

ಇದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಬರೀ ಗಿಟಾರು ಇದೆ ನೋಡಿ. ಖಾಲಿ ಅನ್ನಿಸಿ ಇನ್ನೊಂದು ಚರಣ ತುರುಕುವ ಆಸೆಯಾಗುತ್ತದೆ. ಗೆಳೆಯರೊಬ್ಬರು ಕಹೋನ್ (ಮೇಲೆ ಕೂತು ಕೈಯಲ್ಲಿ ತಟ್ಟುವ ಮರದ ಪೆಟ್ಟಿಗೆ) ತಂದು ‘ಮೆತ್ತಗೆ ತಟ್ಟಲಾ?’ ಅಂತ ಕೇಳಿಯೇ ಕೇಳುತ್ತಾರೆ. ಬೇಡ ಅನ್ನಿ. ತಾಳ ಬಂದ ಕೂಡಲೇ ಹಾಡು ಎಲ್ಲಿಗೋ ಹೊರಡುತ್ತದೆ. ಇನ್ನೂ ಏನಾದರೂ ಬೇಕೇ ಬೇಕು ಅಂದರೆ ಎಲೆಕ್ಟ್ರಿಕ್ ಗಿಟಾರಿನ ವಾಲ್ಯೂಮ್ ತಿರುಪನ್ನು ಸೊನ್ನೆಗಿಟ್ಟು, ಒಂದು ತಂತಿ ಮೀಟಿ, ಕಿರುಬೆರಳಿನಿಂದ ನಿಧಾನಕ್ಕೆ ಏರಿಸಿ. ಮೀಟಿದ ಸದ್ದು ಕೇಳಿಸದೆ ಸ್ವರ ಮಾತ್ರ ಮೂಡುತ್ತದೆ. ಹಾಡಿಗೆ ಇಂಥವು ನಾಲ್ಕೈದು ಸಾಕು.

ಒಂಬತ್ತನೆಯದು: ದನಿ

‘ರಿವೆಂಡೆಲ್’ನಲ್ಲಿ ಲೀ ತಮ್ಮ ಹೆಸರುವಾಸಿಯಾದ ಏರುದನಿಯನ್ನು ಬದಿಗಿಟ್ಟು ಹಾಡಿದ್ದಾರೆ. ಬರುವ ವಿದ್ಯೆಯನ್ನು ತೋರಿಸದೆ ಇರುವುದಕ್ಕೂ ಧೈರ್ಯ ಬೇಕು. ನೀವೂ ನಿಮ್ಮ ಗಂಟಲಿನ ಕೆಳಗಿನ ಅರ್ಧದಲ್ಲೇ ಹಾಡಿ. ಎ ಮೈನರ್ ತೀರಾ ತಗ್ಗು ಅನ್ನಿಸಿದರೆ ಎರಡನೇ ಅಥವಾ ಮೂರನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿಕೊಳ್ಳಿ, ಬೆರಳಿನ ಆಕಾರ ಬದಲಿಸಬೇಕಾಗಿಲ್ಲ. ಒಂದು ಪರೀಕ್ಷೆ: ಪಕ್ಕದಲ್ಲಿ ಮಲಗಿದ ಮಗು ಏಳದ ಹಾಗೆ ಮೂರೂ ಚರಣ ಹಾಡೋಕಾದರೆ ಶ್ರುತಿ ಸರಿಯಿದೆ.

ಗಮಕ ಕಲಿತವರು ಸ್ವಲ್ಪ ಕೈ ಬಿಗಿ ಹಿಡಿಯಬೇಕು. ಒಂದೊಂದು ಸ್ವರಕ್ಕೂ ಓಲಾಟ ಕೊಟ್ಟರೆ ಗಮನ ಗಾಯಕರ ಮೇಲೆ ಹೋಗುತ್ತದೆ, ಜಾಗ ಮರೆಯಾಗುತ್ತದೆ.

ಕೊನೆಯ ಹೆಜ್ಜೆ: ರೆಕಾರ್ಡಿಂಗ್

ಮೊಬೈಲು ಸಾಕು. ಗಿಟಾರಿನ ದುಂಡು ರಂಧ್ರಕ್ಕೆ ನೇರ ಹಿಡಿಯಬೇಡಿ, ಬರೀ ಗುಂಗುಂ ಅನ್ನುತ್ತದೆ. ಹನ್ನೆರಡನೇ ಫ್ರೆಟ್ ಎದುರಿಗೆ, ಒಂದಡಿ ದೂರದಲ್ಲಿ ಇಡಿ. ಹಾಡುವುದೂ ನುಡಿಸುವುದೂ ಒಟ್ಟಿಗೇ ಆಗಲಿ. ಬೇರೆ ಬೇರೆ ಮಾಡಿದರೆ ಉಸಿರಿಗೆ ತಕ್ಕ ಹಾಗೆ ತಂತಿ ತುಸು ಹಿಂದೆ ಮುಂದೆ ಆಗುವುದು ತಪ್ಪಿಹೋಗುತ್ತದೆ. ಮೆಟ್ರೊನೋಮನ್ನು ಈ ಹೊತ್ತಿಗೆ ಆರಿಸಿರಬೇಕು. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಎದುರು ಕೂತರೆ ಕೋಣೆಯ ಮಾರ್ದನಿ ಕಡಿಮೆಯಾಗುತ್ತದೆ.

ಫ್ಯಾನು ನಿಲ್ಲಿಸಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮತ್ತೆ, ದಯವಿಟ್ಟು ಕುಕ್ಕರ್ ಇಟ್ಟಿದ್ದಾರಾ ಅಂತ ಕೇಳಿಕೊಂಡು ಬನ್ನಿ. ನನ್ನ ಏಳನೆಯ ಪ್ರಯತ್ನದಲ್ಲಿ ಉಂಗುರಬೆರಳು ಒಮ್ಮೆಯೂ ತಡವಾಗಿರಲಿಲ್ಲ. ಡಿ ಮೇಜರ್ ಬರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಮೊದಲ ಸೀಟಿ ಬಂತು. ನಾನು ನಿಲ್ಲಿಸಿದೆ. ಕುಕ್ಕರ್ ನಿಲ್ಲಿಸಲಿಲ್ಲ.

ಕೊನೆಯ ಸುತ್ತಿನಲ್ಲಿ ಎ ಮೈನರ್‌ಗೆ ಬಂದು ಒಂದೇ ಸಲ ಮೀಟಿ ಕೈ ತೆಗೆಯಿರಿ. ತಂತಿಯನ್ನು ಅಂಗೈಯಿಂದ ಮುಚ್ಚಬೇಡಿ, ಅದು ತಾನಾಗಿ ಆರಲಿ. ಆಮೇಲೂ ಹತ್ತು ಎಣಿಸಿ, ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತುವುದು ಅದಾದ ಮೇಲೆ. ನನ್ನ ಒಂಬತ್ತನೆಯ ಪ್ರಯತ್ನವೇ ನಾನು ಉಳಿಸಿಕೊಂಡಿರುವುದು. ಅದರಲ್ಲಿ ತಂತಿ ಆರಿ, ಏಳು ಸೆಕೆಂಡು ಏನೂ ಇಲ್ಲ. ಆಮೇಲೆ ದೂರದಿಂದ ಅಮ್ಮನ ದನಿ, ‘ಆಯ್ತೇನೋ? ಅನ್ನಕ್ಕಿಡ್ಲಾ?’ ಅಂತ. ಅದನ್ನು ಕತ್ತರಿಸಿಲ್ಲ.